ಇರುವೆ ಸಾಹೇಬರ ಸಹಿ

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಸಿಟ್ಟಾಗುತ್ತಿದ್ದರು. ಈಗ ಸಿಟ್ಟಾಗಲು ಅವರಿಲ್ಲ. ಹೋದ ತಿಂಗಳು ಅಂಕಲಗಿಯ ತಮ್ಮ ಮನೆಯಲ್ಲಿ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಗೋಡೆಗೆ ಒರಗಿ ಕೂತವರು ಹಾಗೆಯೇ ಹೋಗಿಬಿಟ್ಟರು ಎಂದು ಅವರ ಹೆಂಡತಿ ಫೋನಿನಲ್ಲಿ ಹೇಳಿದರು. ಆದರೂ ಬರೆಯುವುದಿಲ್ಲ. “ಹೆಸರು ಹೊಗಳಿಸ್ಕೊಳ್ಳಾಕ ಇರತೈತಿ, ಸಹಿ ಬೈಸ್ಕೊಳ್ಳಾಕ ಇರತೈತಿ. ನನಗ ಸಹಿ ಒಂದ ಸಾಕು” ಎನ್ನುತ್ತಿದ್ದ ಮನುಷ್ಯ ಅವರು. ಸತ್ತ ಮೇಲೆ ಅವರ ಮಾತು ಮೀರುವ ಧೈರ್ಯ ನನಗಿಲ್ಲ.

ಗೋಕಾಕದ ನಮ್ಮ ಫೋನ್ ಕಚೇರಿಯಲ್ಲಿ ಅವರಿಗೆ ಬೇರೆ ಹೆಸರೇ ಇತ್ತು: ಇರವಿ ಸಾಹೇಬ್ರು. ಇಟ್ಟವರು ಚೇಷ್ಟೆಗೆ ಇಟ್ಟಿದ್ದರು. ಕೊನೆಕೊನೆಗೆ ಅದೇ ಗೌರವದ ಹೆಸರಾಯಿತು. ಚೇಷ್ಟೆ ಮಾಡಿದವರ ಪೈಕಿ ನಾನೂ ಒಬ್ಬಳು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸದು. ನಾನು ಎಂಜಿನಿಯರಿಂಗ್ ಮುಗಿಸಿ, ಮೊದಲ ದರ್ಜೆಯ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಮೂಗನ್ನು ಆಕಾಶಕ್ಕೆ ಮಾಡಿಕೊಂಡು ಕೆಲಸಕ್ಕೆ ಹಾಜರಾಗಲು ಬಂದಿದ್ದೆ. ಸಾಹೇಬರು ಎಲ್ಲಿ ಎಂದು ಕೇಳಿದರೆ ಗುಮಾಸ್ತರು ಫೈಲಿನಿಂದ ತಲೆ ಎತ್ತದೆ, “ಹಿಂದ ಅದಾರ್ರಿ, ಇರವಿ ಕೂಡ ಮೀಟಿಂಗ್ ನಡದೈತಿ” ಎಂದರು. ಹೋಗಿ ನೋಡಿದರೆ ಕಚೇರಿಯ ಹಿಂದಿನ ಗೋಡೆಯ ಬುಡದಲ್ಲಿ ಬಿಳಿ ಅಂಗಿಯ, ಸಣಕಲು ಮೈಯ ಒಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಎಡಗೈಯಲ್ಲಿ ಸಕ್ಕರೆಯ ಪೊಟ್ಟಣ, ಬಲಗೈಯಲ್ಲಿ ಪೆನ್ಸಿಲು. ನನ್ನ ಕಡೆ ತಿರುಗಲೂ ಇಲ್ಲ.

“ಅಲ್ಲೇ ನಿಂದ್ರು ತಂಗಿ. ನಿನ್ನ ಕಾಲ ಬಾಜೂಕ ಹಾದಿ ಐತಿ” ಎಂದರು.

ಕೆಳಗೆ ನೋಡಿದೆ. ನನ್ನ ಹೊಸ ಚಪ್ಪಲಿಯ ಪಕ್ಕದಲ್ಲಿ ಇರುವೆಗಳ ಸಾಲು ಹರಿದುಹೋಗುತ್ತಿತ್ತು. ನಮ್ಮ ಬಾಸು ತಲೆಕೆಟ್ಟವನು ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ. ನನ್ನ ತೀರ್ಮಾನಗಳು ಆಗ ಬಹಳ ಬೇಗ ಆಗುತ್ತಿದ್ದವು.

ಇರುವೆಗೆ ಸಕ್ಕರೆ ಹಾಕುವುದು ನಮ್ಮ ಕಡೆಯ ಜೈನರ ಮನೆಗಳಲ್ಲಿ ಹೊಸದೇನಲ್ಲ. ಅವರ ತಾಯಿ ದಿನಾ ಬೆಳಿಗ್ಗೆ ಬಾಗಿಲ ಪಕ್ಕದಲ್ಲಿ ಒಂದು ಚಿಟಿಕೆ ಹಾಕಿಯೇ ಒಲೆ ಹಚ್ಚುತ್ತಿದ್ದರಂತೆ. ಸಾಹೇಬರು ಜೇನುತುಪ್ಪ ಮುಟ್ಟುತ್ತಿರಲಿಲ್ಲ, ನೆಲದಡಿ ಬೆಳೆಯುವ ಗಜ್ಜರಿ ಬಟಾಟಿ ತಿನ್ನುತ್ತಿರಲಿಲ್ಲ. ಎಂಥ ಮೀಟಿಂಗಿದ್ದರೂ ಹೊತ್ತು ಇಳಿಯುತ್ತಿದ್ದ ಹಾಗೆ ಡಬ್ಬಿ ಬಿಚ್ಚುತ್ತಿದ್ದರು. ಮನೆಯಲ್ಲಿ ಹೆಂಡತಿಯ ಜೊತೆ ಮರಾಠಿ, ನಮ್ಮ ಜೊತೆ ಅಪ್ಪಟ ಅಂಕಲಗಿ ಕನ್ನಡ. ಇಂಗ್ಲಿಷು ಬರುತ್ತಿತ್ತು, ಆದರೆ ಅದನ್ನು ಓದಲಿಕ್ಕೆ ಮಾತ್ರ ಬಳಸುತ್ತಿದ್ದರು. ಕಂಬ ಹತ್ತುವ ಕೆಲಸಕ್ಕೆ ಸೇರಿ, ಇಲಾಖೆಯ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿ ಕುರ್ಚಿಗೆ ಬಂದವರು. ಅಂಗೈಯಲ್ಲಿ ತಂತಿ ಕೊಯ್ದ ಹಳೆಯ ಗೆರೆಗಳಿದ್ದವು. ಡಿಗ್ರಿ ಇರಲಿಲ್ಲ. ಬೆಳಗಾವಿಯ ಮೇಲಿನ ಕಚೇರಿಯವರು ಅದನ್ನು ಅವರಿಗೆ ಮರೆಯಲು ಬಿಡುತ್ತಿರಲಿಲ್ಲ.

ಇರುವೆಯ ವಿದ್ಯೆ ಅವರ ಕೈಗೆ ಸಿಕ್ಕಿದ್ದು ಒಂದು ತರಬೇತಿಯಲ್ಲಿ. ಅಲ್ಲಿ ಪಾಠ ಹೇಳಲು ಬಂದಿದ್ದ ಕಾಲೇಜಿನ ಪ್ರೊಫೆಸರೊಬ್ಬರು, ಇರುವೆಗಳು ಹಾದಿ ಹುಡುಕುವ ರೀತಿಯನ್ನು ಕಂಪ್ಯೂಟರಿಗೆ ಕಲಿಸಿ ದೊಡ್ಡ ಲೆಕ್ಕ ಬಿಡಿಸಬಹುದು ಎಂದು ಮಾತಿನ ನಡುವೆ ಹೇಳಿದರಂತೆ. ಉಳಿದವರು ಚಹಾಕ್ಕೆ ಎದ್ದರು. ಇವರು ಪ್ರೊಫೆಸರರ ಬೆನ್ನು ಹತ್ತಿ ಒಂದು ಲೇಖನದ ಝೆರಾಕ್ಸ್ ಇಸಿದುಕೊಂಡು ಬಂದರು. ನಿಘಂಟು ಇಟ್ಟುಕೊಂಡು ಒಂದು ಮಳೆಗಾಲವಿಡೀ ಅದನ್ನು ಓದಿದರು. ಆಮೇಲೆ ಗೋಕಾಕದ ಕಂಪ್ಯೂಟರ್ ಕ್ಲಾಸಿಗೆ ಹೆಸರು ಹಚ್ಚಿ, ಪಿಯುಸಿ ಹುಡುಗಿಯರ ನಡುವೆ ಕೂತು ಪ್ರೋಗ್ರಾಂ ಬರೆಯುವುದನ್ನು ಕಲಿತರು. ಆ ಹುಡುಗಿಯರು ಅವರನ್ನು ಕಾಕಾ ಎಂದು ಕರೆಯುತ್ತಿದ್ದರಂತೆ. ಇದನ್ನು ಬಹಳ ಖುಷಿಯಿಂದ ಹೇಳಿಕೊಳ್ಳುತ್ತಿದ್ದರು.

“ಸರ್, ಇರವಿಗೂ ಮೊಬೈಲ್ ಟವರಿಗೂ ಏನ್ ಸಂಬಂಧರಿ?” ಎಂದು ಒಂದು ವಾರ ತಡೆದುಕೊಂಡು ಕೇಳಿದೆ.

ಅವರು ನೆಲದ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಡುತ್ತ ಹೇಳಿದರು: “ಗೋಕಾಕ, ಮೂಡಲಗಿ, ಹುಕ್ಕೇರಿ ಸೇರಿ ಟವರ್ ಹಾಕಾಕ ಬರೂವಂಥ ಜಾಗಾ ಅರವತ್ತ ಅದಾವ. ಗುಡ್ಡ, ಮಡ್ಡಿ, ನೀರಿನ ಟಾಕಿ, ಸಾಲಿ ಬಯಲು. ನಮಗ ಕೊಟ್ಟಿದ್ದು ಏಳ ಟವರ್. ಯಾವ ಏಳು? ಒಂದೊಂದ ಗುಂಪ ಹಚ್ಚಿ ನೋಡ್ಕೋತ ಕುಂತ್ರ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯಂಗಿಲ್ಲ. ಅದಕ್ಕ ಕಂಪ್ಯೂಟರಿನ್ಯಾಗ ನೂರ ಇರವಿ ಬಿಡೂದು. ಒಂದೊಂದ ಇರವಿ ತನಗ ತಿಳದ ಏಳ ಜಾಗಾ ಆರಸ್ತೈತಿ. ಖರೇ ಇರವಿ ನಡದ ಹಾದಿಗೆ ವಾಸನಿ ಬಿಟ್ಟ ಹೋಗತಾವ ನೋಡು, ಹಂಗ ಇಲ್ಲಿ ಯಾವುದು ಆರಿಸಿದ್ರಾಗ ಹೆಚ್ಚ ಮಂದಿಗೆ ಸಿಗ್ನಲ್ ಮುಟ್ಟತೈತಿ, ಅದರ ಹಾದಿಗೆ ವಾಸನಿ ಹೆಚ್ಚ. ಮುಂದಿನ ಸರತಿ ಬರೂ ಇರವಿ ವಾಸನಿ ಇದ್ದ ಕಡೆ ಒಲಿತಾವ. ಹಂಗ ಸಾವಿರ ಸರತಿ ಓಡಿಸಿದ್ರ ಚೊಲೋ ಹಾದಿ ತಾನ ಮೂಡತೈತಿ.”

“ಮೊದಲ ಬಂದ ಇರವಿ ತಪ್ಪ ಹಾದಿ ಹಿಡಿದ್ರ?”

ಅವರು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. “ಈಗ ಕೇಳಿದಿ ನೋಡು” ಎಂದರು. ಎದ್ದು ಗೋಡೆಯ ಇನ್ನೊಂದು ಮೂಲೆಗೆ ಕರೆದುಕೊಂಡು ಹೋದರು. “ನಿನ್ನೆ ಇಲ್ಲಿ ಸಕ್ರಿ ಹಾಕಿದ್ನಿ, ಇಷ್ಟ ದಪ್ಪ ಸಾಲ ಇತ್ತು. ಸಕ್ರಿ ಮುಗೀತು. ಹಾದಿ ವಾಸನಿ ಆರಿ ಹೋತು. ಇವತ್ತ ಒಂದೂ ಇಲ್ಲ. ವಾಸನಿ ಆರಬೇಕವಾ. ಆರಲಿಲ್ಲಂದ್ರ ಪಾಪ, ಖಾಲಿ ತಾಟಿನ ಮುಂದ ದಿನಾ ಬಂದ ನಿಂದ್ರತಿದ್ದುವು, ನಮ್ಮ ಮಂದಿ ನಿಂದ್ರತಾರಲ್ಲ, ಹಂಗ.”

ಪ್ರೋಗ್ರಾಮಿನಲ್ಲಿ ಆ ಆರುವಿಕೆಗೆಂದೇ ಒಂದು ಅಂಕಿ ಇತ್ತು. ಪ್ರತಿ ಸರತಿಗೆ ಹಳೆಯ ವಾಸನೆ ಎಷ್ಟು ಅಳಿಯಬೇಕು ಎನ್ನುವ ಅಂಕಿ. ಒಂದು ದಿನ ಉತ್ತರ ಬೇಗ ಬರಲಿ ಎಂದು ನಾನು ಅದನ್ನು ಗುಟ್ಟಾಗಿ ಕಡಿಮೆ ಮಾಡಿದೆ. ಉತ್ತರ ಬೇಗ ಬಂತು, ದಡ್ಡ ಉತ್ತರ. ಇರುವೆಗಳೆಲ್ಲ ಮೊದಲು ಸಿಕ್ಕ ಹಾದಿಗೇ ಅಂಟಿಕೊಂಡಿದ್ದವು. ಅವರು ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ. “ಮರಿಯಾಕ ಬಿಡು! ಮರಿಯಾಕ ಬಿಡಲಿಲ್ಲಂದ್ರ ಕಲಿಯೂದ ಹೆಂಗ?” ಎಂದು ಕೂಗಿ, ಆಮೇಲೆ ತಾವೇ ನಾಚಿ ಹೊರಗೆ ಹೋಗಿ ನಿಂತರು.

ಕಚೇರಿಯ ಕಂಪ್ಯೂಟರು ಒಂದು ಸಲ ಓಡಲು ಇಡೀ ದಿನ ತೆಗೆದುಕೊಳ್ಳುತ್ತಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಒಂದರಿಂದ. ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಇರುತ್ತಿರಲಿಲ್ಲ. ಸಾಹೇಬರು ಪ್ರತಿ ಅರ್ಧ ಗಂಟೆಗೊಮ್ಮೆ ಪರದೆಯ ಮೇಲಿನ ಅಂಕಿಗಳನ್ನು ಪೆನ್ಸಿಲಿನಲ್ಲಿ ವಹಿಗೆ ಇಳಿಸಿಕೊಳ್ಳುತ್ತಿದ್ದರು, ಕರೆಂಟು ಬಂದ ಮೇಲೆ ಅಲ್ಲಿಂದ ಮುಂದುವರಿಸಲು. ನಾನು ನಕ್ಕರೆ, “ಇರವಿ ಊರ ಬಿಟ್ಟ ಹ್ವಾದ್ರೂ ವಾಸನಿ ನನ್ನ ವಹಿಯಾಗ ಐತಿ” ಎನ್ನುತ್ತಿದ್ದರು.

ಇಷ್ಟೆಲ್ಲ ಪಾಡು ಯಾಕೆ ಎಂದರೆ, ಬೆಳಗಾವಿಯ ದೊಡ್ಡ ಸಾಹೇಬರು ಏಳು ಟವರುಗಳ ಜಾಗವನ್ನು ಆಗಲೇ ಗುರುತು ಮಾಡಿ ಕಳಿಸಿದ್ದರು. ಆ ನಕ್ಷೆಯಲ್ಲಿ ಟವರುಗಳು ಬಸ್ಸು ನಿಂತು ನಿಂತು ಹೋದ ಹಾಗಿದ್ದವು: ಪೇಟೆ, ಬಸ್ ಸ್ಟ್ಯಾಂಡು, ರಸ್ತೆ, ಮತ್ತೆ ಪೇಟೆ. ಇರುವೆಗಳ ಏಳು ಜಾಗಗಳಲ್ಲಿ ಐದು ಇದಕ್ಕೆ ಸರಿಹೊಂದುತ್ತಿದ್ದವು. ಉಳಿದ ಎರಡು ಮಾತ್ರ ರಸ್ತೆ ಬಿಟ್ಟು ಹೊಲಕ್ಕೆ ಇಳಿದಿದ್ದವು. ಒಂದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಹತ್ತಿರ, ಇನ್ನೊಂದು ತುಕ್ಕಾನಟ್ಟಿಯ ಹೊರಗಿನ ಮಡ್ಡಿಯ ಮೇಲೆ. ಮಡ್ಡಿ ಅಂದರೆ ಬೇಸಾಯಕ್ಕೆ ಬಾರದ ಕಲ್ಲುದಿಬ್ಬ. ನಾಲ್ಕು ಆಡು ಮೇಯುತ್ತಿದ್ದ ಜಾಗ.

ಬೆಳಗಾವಿಯ ಮೀಟಿಂಗಿನಲ್ಲಿ ದೊಡ್ಡ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇರವಿ ಮಾತ ಕೇಳಿ ಮಡ್ಡಿ ಮ್ಯಾಲ ಇಷ್ಟ ಕಬ್ಬಿಣ ನೆಡೂದೇನ್ರಿ? ಆಡಿನ ಕೈಯಾಗ ಮೊಬೈಲ್ ಕೊಡ್ತೀರೇನ?”

ಎಲ್ಲರೂ ನಕ್ಕರು. ಇವರೂ ನಕ್ಕರು. ಆಮೇಲೆ ಹೇಳಿದರು: “ನಮ್ಮ ಮಂದಿ ಊರಾಗ ಎಲ್ಲಿ ಇರ್ತಾರ್ರಿ ಸಾಹೇಬ್ರ? ತ್ವಾಟದಾಗ ಮನಿ ಕಟ್ಟಿ ಇರ್ತಾರ. ಬಸ್ ಸ್ಟ್ಯಾಂಡಿನ್ಯಾಗ ಫೋನ್ ಯಾರಿಗೆ ಬೇಕು? ಹಾವ ಕಡದಾಗ, ಹೆರಗಿ ಬ್ಯಾನಿ ಬಂದಾಗ ತ್ವಾಟದಾಗ ಬೇಕು. ಇರವಿ ಮಾತ ಕೇಳಬ್ಯಾಡ್ರಿ, ನನ್ನ ಮಾತ ಕೇಳ್ರಿ. ತಪ್ಪಾದ್ರ ಇರವಿನ ಬೈಯಾಕ ಬರಂಗಿಲ್ಲ, ನನ್ನ ಬೈಯಾಕ ಬರತೈತಿ.” ಹೇಳಿ ಪೆನ್ನು ತೆಗೆದು, ಕೇಳುವ ಮೊದಲೇ ಯೋಜನೆಯ ಕೊನೆಯ ಹಾಳೆಗೆ ಸಹಿ ಹಾಕಿದರು.

ದೊಡ್ಡ ಸಾಹೇಬರ ನಗು ನಿಂತಿತು. ಒಪ್ಪಿದರು, ಆದರೆ ಷರತ್ತು ಹಾಕಿದರು. ಟವರು ಸುರುವಾದ ವರ್ಷದ ದೀಪಾವಳಿಯೊಳಗೆ ದೂರು ಬಂದರೆ ಮಡ್ಡಿಯ ಟವರು ಕಿತ್ತು ಮೂಡಲಗಿ ಬಸ್ ಸ್ಟ್ಯಾಂಡಿಗೆ, ಇವರು ಯೋಜನೆಯ ಕೆಲಸ ಬಿಟ್ಟು ದೂರದ ಸಾಮಾನು ಗೋದಾಮಿಗೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯನಿಗೆ ಅದು ಸಣ್ಣ ಮಾತಲ್ಲ.

ಸರ್ವೇ ಕೆಲಸ ನನ್ನ ಪಾಲಿಗೆ ಬಂತು. ಪರೀಕ್ಷೆಯ ಯಂತ್ರವನ್ನು ಎತ್ತರದ ಕಂಬಕ್ಕೆ ಕಟ್ಟಿ, ಜೀಪಿನಲ್ಲಿ ಊರೂರು ಸುತ್ತಿ ಸಿಗ್ನಲ್ ಎಲ್ಲೆಲ್ಲಿ ಎಷ್ಟು ಮುಟ್ಟುತ್ತದೆ ಎಂದು ಅಳೆಯಬೇಕು. ಏಪ್ರಿಲ್ ಮೇ ಬಿಸಿಲಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು, ತಿಂಗಳಿಗೂ ಮೊದಲೇ ಮುಗಿಸಿಬಿಟ್ಟೆ. ಬಂದು ಜಂಬದಿಂದ ಪುಸ್ತಕವನ್ನು ಅವರ ಟೇಬಲ್ಲಿನ ಮೇಲಿಟ್ಟೆ.

“ತ್ವಾಟದಾಗೂ ಹೋಗಿದ್ದೇನ?”

“ಎಲ್ಲಾ ಕಡೆ ಹೋಗೇನ್ರಿ. ಬಟಾ ಬಯಲ ಐತ್ರಿ ಸರ್, ಸಿಗ್ನಲ್ ಬೆಳಕ ಹರದಂಗ ಹರಿತೈತಿ.”

ಅವರು ಒಂದೊಂದೇ ಪುಟ ತಿರುವಿ ನೋಡಿ, ಚೊಲೋ ಆತು ಎಂದು ಕೆಳಗೆ ಸಹಿ ಹಾಕಿದರು. ಅಲ್ಲೇ ನಾವಿಬ್ಬರೂ ಎಡವಿದ್ದು. ಆಗ ಇಬ್ಬರಿಗೂ ತಿಳಿಯಲಿಲ್ಲ.

ಮುಂದಿನ ವರ್ಷ ಯುಗಾದಿಯ ಹೊತ್ತಿಗೆ ಟವರುಗಳು ಸುರುವಾದವು. ತುಕ್ಕಾನಟ್ಟಿಯ ತೋಟದ ಮನೆಗಳಲ್ಲಿ ಫೋನು ರಿಂಗಾದ ದಿನ ಸಾಹೇಬರು ಕಚೇರಿಗೆಲ್ಲ ಪೇಢೆ ಹಂಚಿದರು. ಇರುವೆಗಳಿಗೆ ಎರಡು ಪಾಲು ಸಕ್ಕರೆ ಬಿತ್ತು. ಬೇಸಿಗೆಯೆಲ್ಲ ಮೆರೆದೆವು. ಶ್ರಾವಣ ಬಂತು, ಫೋನು ಸಾಯತೊಡಗಿದವು.

“ಮ್ಯಾಡಂ, ಬ್ಯಾಸಗಿಯಾಗ ಗಿಣಿ ಮಾತಾಡಿದಂಗ ಮಾತಾಡ್ತಿತ್ತು, ಈಗ ಸತ್ತ ಬಿದ್ದೈತ್ರಿ.” ದಿನಕ್ಕೆ ಹತ್ತು ಹನ್ನೆರಡು ದೂರು. ಎಲ್ಲವೂ ತುಕ್ಕಾನಟ್ಟಿ, ಘೋಡಗೇರಿಯ ತೋಟಗಳಿಂದ. ಟವರಿನ ಯಂತ್ರ ನೋಡಿದೆವು, ತಂತಿ ನೋಡಿದೆವು, ಎಲ್ಲ ಸರಿ ಇತ್ತು. ಕೊನೆಗೆ ಜೀಪು ತೆಗೆದುಕೊಂಡು ತುಕ್ಕಾನಟ್ಟಿಗೆ ಹೋಗಿ ತೋಟದ ಹಾದಿಯಲ್ಲಿ ಇಳಿದೆವು. ಎರಡೂ ಕಡೆ ಕಬ್ಬು ನಿಂತಿತ್ತು. ಎರಡಾಳೆತ್ತರದ ಕಬ್ಬು, ಮಳೆಯಲ್ಲಿ ತೊಯ್ದು ತೊಟ್ಟಿಕ್ಕುತ್ತಿತ್ತು. ಹಿಂದಿನ ವರ್ಷದ ಬೇಸಿಗೆಯಲ್ಲಿ ನಾನು ಬಟಾ ಬಯಲು ಎಂದು ಬರೆದುಕೊಂಡು ಹೋದ ಜಾಗ ಅದು. ನಾನು ಅಳೆದದ್ದು ಕಬ್ಬು ಕಟಾವಾದ ಮೇಲೆ. ಸಿಗ್ನಲ್ಲನ್ನು ಹಸಿ ಕಬ್ಬಿನ ಎಲೆ ಕುಡಿದುಬಿಡುತ್ತಿತ್ತು. ಗೋಕಾಕದಲ್ಲಿ ಹುಟ್ಟಿ ಬೆಳೆದವಳು ಕಬ್ಬನ್ನೇ ಮರೆತಿದ್ದೆ. ಬೆಂಗಳೂರಿನವರು ಮರೆತರೆ ಕ್ಷಮೆಯಿದೆ, ನಮಗೆಲ್ಲಿದೆ?

ಸಾಹೇಬರು ಕಬ್ಬನ್ನು ಬುಡದಿಂದ ತುದಿಯ ತನಕ ನೋಡಿ, “ಇದಕ್ಕ ಸಹಿ ಹಾಕೇನಿ ನಾ” ಎಂದರು.

ಬೆಳಗಾವಿಯಿಂದ ಕರೆ ಬಂತು. ಇಬ್ಬರೂ ಹೋದೆವು. ದೊಡ್ಡ ಸಾಹೇಬರು ದೂರುಗಳ ಕಂತೆಯನ್ನು ಟೇಬಲ್ಲಿನ ಮೇಲೆ ಕುಕ್ಕಿ, “ಯಾರ್ರಿ ಸರ್ವೇ ಮಾಡಿದವರು?” ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಸಾಹೇಬರು ನನ್ನ ಕಡೆ ತಿರುಗಿ ತಣ್ಣಗೆ, “ತಂಗಿ, ಎಲ್ಲಾರಿಗೂ ಚಾ ಹೇಳಿ ಬಾ ಹೋಗು” ಎಂದರು. ಎಂಜಿನಿಯರಿಗೆ ಚಹಾ ತರಲು ಹೇಳುತ್ತಾರಲ್ಲ ಎಂದು ಮೈ ಉರಿಯಿತು. ಆದರೂ ಹೋದೆ. ಹಿಂತಿರುಗಿ ಬಂದಾಗ ಎಲ್ಲ ಮುಗಿದಿತ್ತು. ದೊಡ್ಡ ಸಾಹೇಬರ ಮುಖ ಕೆಂಪಾಗಿತ್ತು. ಸಹಿ ನಂದೈತ್ರಿ, ತಪ್ಪೂ ನಂದ ಎಂದು ಇವರು ಹೇಳಿದರೆಂದು ಆಮೇಲೆ ಅಲ್ಲಿದ್ದವರೇ ತಿಳಿಸಿದರು. ದೂರು ಸರಿಪಡಿಸಲು ದೀಪಾವಳಿಯ ತನಕ ವೇಳೆ ಸಿಕ್ಕಿತ್ತು, ಅಷ್ಟೇ.

ಹಿಂದಿರುಗುವ ಜೀಪಿನಲ್ಲಿ ನಾನು ಅತ್ತುಬಿಟ್ಟೆ. “ಸರ್ವೇ ನಾ ಮಾಡಿದ್ದರಿ. ಬೈಸ್ಕೊಂಡವರು ನೀವು.”

“ಹೌದು, ನೀನ ಮಾಡಿದ್ದು. ಬ್ಯಾಸಗಿಯಾಗ ಮಾಡು ಅಂತ ಕಳಿಸಿದವ ಯಾರು? ಐವತ್ತೊಂಬತ್ತ ವರ್ಷ ಕಬ್ಬಿನ ನಡಕ ಬದುಕಿ, ನಿನ್ನ ಪುಸ್ತಕದಾಗ ಕಬ್ಬ ಎಲ್ಲಿ ಅಂತ ಕೇಳಲಿಲ್ಲ ನಾ. ನಿನ್ನ ತಪ್ಪ ಚಿಕ್ಕದು, ನಂದ ದೊಡ್ಡದು. ಈಗ ಅಳೂದ ಬಿಟ್ಟ ಅಳಿಯೂ ಕೆಲಸ ನೋಡೋಣ.”

ಕಬ್ಬಿನೊಳಗೆ ಹೊಕ್ಕು ಮತ್ತೆ ಮೊದಲಿನಿಂದ ಅಳೆಯಬೇಕಿತ್ತು. ಆದರೆ ಅದು ಚಾತುರ್ಮಾಸ. ಮಳೆಗಾಲದ ಆ ನಾಲ್ಕು ತಿಂಗಳು ನೆಲದ ತುಂಬ ಹುಳಹುಪ್ಪಟೆ ಎಂದು ಜೈನರು ಕಾಲು ಬಿಗಿಹಿಡಿದು ನಡೆಯುತ್ತಾರೆ. ಆ ವರ್ಷ ಸಾಹೇಬರು ಮುನಿಗಳ ಎದುರು ವ್ರತ ಹಿಡಿದಿದ್ದರು: ನಾಲ್ಕು ತಿಂಗಳು ಹಸಿರು ತುಳಿಯುವುದಿಲ್ಲ, ಹೊಲದೊಳಗೆ ಕಾಲಿಡುವುದಿಲ್ಲ. ನನಗೆ ತಲೆ ಕೆಟ್ಟಿತು. “ನೌಕರಿನಽ ಹೊಂಟೈತಿ, ವ್ರತ ಬಿಡ್ರಿ ಸರ್” ಎಂದೆ.

“ತಪ್ಪ ಮಾಡಿದ್ದ ಒಂದ ಸಾಲದಾಗೇತೇನ?” ಎಂದರು.

ನಾನೊಬ್ಬಳೇ ಎಷ್ಟು ತೋಟ ಅಳೆದೇನು? ಮೊದಲ ದಿನ ಕಬ್ಬಿನ ಎಲೆ ಮುಖ ಕೈಯೆಲ್ಲ ಕೊಯ್ದು, ಐದೇ ಸಾಲು ಮುಗಿಸಿ ಹೊರಗೆ ಬಂದೆ. ಸಾಹೇಬರು ಗಾಡಿಹಾದಿಯ ನಡುವೆ ಕೊಡೆ ಹಿಡಿದು, ವಹಿ ಬಿಚ್ಚಿಕೊಂಡು ನಿಂತಿದ್ದರು. ಆಗ ಕಬ್ಬಿನ ಒಣ ಎಲೆ, ನಮ್ಮ ಕಡೆ ರವದಿ ಅನ್ನುತ್ತೇವೆ, ಅದನ್ನು ಬಿಡಿಸುವ ಹೆಂಗಸರ ಗುಂಪು ಬಂತು. ಮುಂದೆ ಇದ್ದವಳು ಕಲ್ಲವ್ವ. ತುಕ್ಕಾನಟ್ಟಿಯವಳು, ಬಾಯಿ ಜೋರು.

“ಯಾಕ್ರಿ ಸಾಹೇಬ್ರ, ಕೊಕ್ಕರಿ ನಿಂತಂಗ ನಿಂತೀರಲ್ಲ? ಆಕಿ ನೋಡಿದ್ರ ಬೆಕ್ಕ ಪರಚಿದಂಗ ಆಗ್ಯಾಳ.”

ಸಾಹೇಬರು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದರು. ಟವರು, ತಪ್ಪು, ವ್ರತ, ದೀಪಾವಳಿ. ಕಲ್ಲವ್ವ ಸೊಂಟಕ್ಕೆ ಕೈಯಿಟ್ಟು ಕೇಳಿದಳು. “ಇಷ್ಟಽ ಏನ್ರಿ? ನಮ್ಮ ಕೈಯಾಗ ಕೊಡ್ರಿ ನಿಮ್ಮ ಫೋನ. ನಾವ ಹೆಂಗೂ ಒಳಗ ಹೋಗಾಕಽ ಬಂದೀವಿ.” ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. “ಅಲ್ರಿ, ನೀವ ತುಳದ್ರ ಪಾಪ, ನಾವ ತುಳದ್ರ ಪಾಪಿಲ್ಲೇನ್ರಿ?”

ನಾನು ನಗಬೇಕೆಂದಿದ್ದೆ. ಸಾಹೇಬರು ನಗಲಿಲ್ಲ. ವಹಿ ಮುಚ್ಚಿ ಹೇಳಿದರು: “ಐತವಾ. ಅರ್ಧ ನನಗ ಬರತೈತಿ.”

“ಪೂರಾ ತಗೋರಿ, ನಮಗ ಮನ್ಯಾಗ ಇಡಾಕ ಜಾಗಾ ಇಲ್ಲ” ಎಂದಳು ಕಲ್ಲವ್ವ. ಹೆಂಗಸರೆಲ್ಲ ಹೋ ಎಂದು ನಕ್ಕರು. ಆಗ ಸಾಹೇಬರೂ ನಕ್ಕರು.

ಮರುದಿನದಿಂದ ಕಚೇರಿಯ ಆರು ಫೋನುಗಳು ಆರು ಹೆಂಗಸರ ಎಲೆಯಡಿಕೆ ಚಂಚಿಯೊಳಗೆ ಸೇರಿದವು. ಹತ್ತು ಸಾಲಿಗೊಮ್ಮೆ ನಿಂತು ಫೋನು ಮಾಡಿ, ಹತ್ತದಿದ್ದರೆ ಕೂಗಿ, ಪರದೆಯ ಮೇಲೆ ಸಿಗ್ನಲ್ಲಿನ ಎಷ್ಟು ಗೆರೆ ಇವೆ ಎಂದು ಹೇಳಬೇಕು. ಸಾಹೇಬರು ಗಾಡಿಹಾದಿಯಲ್ಲಿ ನಿಂತು ಬರೆದುಕೊಳ್ಳುವರು. “ಎರಡ ಗೆರಿ ಅದಾವ್ರಿ.” “ಒಂದಽ ಒಂದ ಐತ್ರಿ.” ಮೂರನೆಯ ದಿನ ಕಲ್ಲವ್ವ ಒಳಗಿನಿಂದ ಕೂಗಿದಳು: “ಸಾಹೇಬ್ರ, ಗೆರಿ ಒಂದೂ ಇಲ್ಲ, ಮಾತ ಚೊಲೋ ಐತ್ರಿ!” ಅವರು ಪೆನ್ಸಿಲು ನಿಲ್ಲಿಸಿದರು. ಅವತ್ತಿನಿಂದ ವಹಿಯಲ್ಲಿ ಎರಡು ಸಾಲು: ಒಂದು ಗೆರೆಗೆ, ಇನ್ನೊಂದು ಮಾತಿಗೆ. ಲೆಕ್ಕಕ್ಕೆ ಹಿಡಿದದ್ದು ಮಾತನ್ನು. ಡಿಗ್ರಿ ಓದಿದ ನಾನು ಗೆರೆಯನ್ನೇ ಸತ್ಯ ಎಂದು ನಂಬಿದ್ದೆ.

ಸಂಜೆ ಹೆಂಗಸರು ಕಬ್ಬಿನ ನಡುವಿನಿಂದ ಒಬ್ಬರ ಹಿಂದೊಬ್ಬರು ತಲೆಯ ಮೇಲೆ ರವದಿ ಹೊತ್ತು ಹೊರಬರುತ್ತಿದ್ದರು. ಸಾಹೇಬರು ಹಾದಿ ಬಿಟ್ಟು ಪಕ್ಕಕ್ಕೆ ನಿಂತು ನೋಡುತ್ತಿದ್ದರು. ಇರುವೆಯ ಸಾಲಿಗೆ ಹಾದಿ ಬಿಡುವಾಗ ಅವರ ಮುಖ ಹೇಗಿರುತ್ತಿತ್ತೋ ಆಗಲೂ ಹಾಗೇ ಇರುತ್ತಿತ್ತು.

ತುಕ್ಕಾನಟ್ಟಿ ಮುಗಿಸಿ ಘೋಡಗೇರಿಗೆ ಹೋದೆವು. ಅಲ್ಲಿ ಬೇರೆ ಹೆಂಗಸರು, ಅದೇ ಚಂಚಿ, ಅದೇ ನಗು. ಮಹಾನವಮಿಯ ಹೊತ್ತಿಗೆ ಲೆಕ್ಕ ಕೈಗೆ ಬಂತು. ಹಳೆಯ ಉತ್ತರವನ್ನೇ ಇಟ್ಟುಕೊಂಡು ಅಲ್ಲಲ್ಲಿ ತೇಪೆ ಹಾಕೋಣ, ವೇಳೆ ಉಳಿಯುತ್ತದೆ ಎಂದೆ. ಅವರು ತಲೆಯಾಡಿಸಿದರು. “ಎಲ್ಲಾ ಅಳಸು. ಇರವಿ ಮೊದಲಿಂದ ಹೊರಡಲಿ.” ಟವರುಗಳನ್ನು ಕದಲಿಸಲು ಬರುತ್ತಿರಲಿಲ್ಲ. ಆದರೆ ಟವರಿನ ಮೇಲಿನ ಆಂಟೆನಾಗಳ ಎತ್ತರ, ದಿಕ್ಕು, ಎಷ್ಟು ಬಾಗಬೇಕು ಎಂಬುದು ನಮ್ಮ ಕೈಯಲ್ಲಿತ್ತು. ಅದನ್ನು ಇರುವೆಗಳಿಗೆ ಬಿಟ್ಟೆವು. ಕರೆಂಟು ನಾಲ್ಕು ಸಲ ಹೋಯಿತು, ಪೆನ್ಸಿಲು ನಾಲ್ಕು ಸಲ ಕಾಪಾಡಿತು. ಮಡ್ಡಿಯ ಆಂಟೆನಾಗಳು ತುದಿಗೆ ಏರಬೇಕು, ಅವುಗಳಲ್ಲಿ ಒಂದು ಕಾಲುವೆಯ ಕಡೆ ತಿರುಗಬೇಕು, ಘೋಡಗೇರಿಯವು ಇನ್ನಷ್ಟು ತಲೆ ಬಾಗಿಸಬೇಕು ಎಂದು ಉತ್ತರ ಬಂತು. ಹಾಗೆಯೇ ಮಾಡಿದೆವು.

ದೀಪಾವಳಿಗೆ ನಾಲ್ಕು ದಿನ ಇರುವಾಗ ದೊಡ್ಡ ಸಾಹೇಬರು ಸ್ವತಃ ತುಕ್ಕಾನಟ್ಟಿಗೆ ಬಂದರು. ಯಾರ ಮಾತನ್ನೂ ನಂಬದೆ, ತಮ್ಮ ಸ್ವಂತ ಫೋನು ಹಿಡಿದು, ಕಬ್ಬು ಎಲ್ಲಿ ದಟ್ಟ ಇದೆಯೋ ಅಲ್ಲಿಗೇ ನುಗ್ಗಿದರು. ನಾವು ಗಾಡಿಹಾದಿಯಲ್ಲಿ ನಿಂತೆವು. ಎರಡು ನಿಮಿಷ ಸದ್ದಿಲ್ಲ. ಆಮೇಲೆ ಕಬ್ಬಿನ ನಡುವಿನಿಂದ ರಿಂಗು ಕೇಳಿತು, ಹಿಂದೆಯೇ ಅವರ ದನಿ: “ಹೂಂ... ಹೂಂ... ತರತೇನಿ ಮಾರಾಯ್ತಿ, ಕರದಂಟ ತರತೇನಿ. ಎರಡ ಕಿಲೋ, ಕೇಳಿಸ್ತು, ಒದರಬ್ಯಾಡ.”

ಹೊರಬಂದಾಗ ಅವರ ಕೋಟಿನ ಮೇಲೆಲ್ಲ ಎಲೆಯ ಧೂಳು. “ಏನ್ರಿ ಇದು,” ಎಂದರು, “ಬೆಳಗಾವ್ಯಾಗ ಅಡಗಿ ಮನಿಯಿಂದ ಪಡಸಾಲಿಗೂ ನನ್ನ ಹೆಂಡತಿ ದನಿ ಇಷ್ಟ ಸ್ಪಷ್ಟ ಬರಂಗಿಲ್ಲ.” ಕಲ್ಲವ್ವನ ಗುಂಪು ಬಿದ್ದು ಬಿದ್ದು ನಕ್ಕಿತು. ದೊಡ್ಡ ಸಾಹೇಬರು ನಮ್ಮ ಸಾಹೇಬರ ಕೈ ಹಿಡಿದುಕೊಂಡರು. ಆಮೇಲೆ ಆ ಕೈಯನ್ನು ತಿರುಗಿಸಿ ಅಂಗೈಯ ಗೆರೆಗಳನ್ನು ನೋಡಿದರು. ಮಡ್ಡಿಯ ಟವರಿಗೆ ಇವರ ಹೆಸರಿನ ಫಲಕ ಹಾಕಿಸುತ್ತೇನೆ ಎಂದರು. ಹೆಸರು, ಸಹಿಯ ಮಾತನ್ನು ನಾನು ಮೊದಲು ಕೇಳಿದ್ದು ಆಗಲೇ. ಫಲಕ ಬರಲಿಲ್ಲ.

ಆ ಪದ್ಧತಿ ಬೇರೆ ತಾಲ್ಲೂಕುಗಳಿಗೂ ಹೋಯಿತು, ಬೇರೆಯವರ ಹೆಸರಿನಲ್ಲಿ ವರದಿಗಳೂ ಬಂದವು. ಅವರಿಗೇನೂ ಅನಿಸಲಿಲ್ಲ, ನನಗೆ ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತದೆ. ನಿಘಂಟು ಹಿಡಿದು ಓದಿ, ಕಂಬ ಹತ್ತಿದ ಕೈಯಲ್ಲಿ ಪ್ರೋಗ್ರಾಂ ಬರೆದ ಅಂಕಲಗಿಯ ಈ ಮನುಷ್ಯ ನನ್ನ ಗುರು ಎಂದು ಹೇಳಿಕೊಳ್ಳುವಾಗ ನನ್ನ ಮೂಗು ಮತ್ತೆ ಆಕಾಶಕ್ಕೇ ಹೋಗುತ್ತದೆ. ಹೋಗಲಿ ಬಿಡಿ.

ಅವರು ನಿವೃತ್ತರಾದರು. ನಾನು ಅವರ ಕುರ್ಚಿಗೆ ಬಂದೆ. ಕೆಲವು ವರ್ಷ ಕಳೆದ ಮೇಲೆ ಮಡ್ಡಿಯ ಜಾಗದ ಕರಾರು ಮುಗಿಯಿತು. ಅಲ್ಲೇ ಮುಂದುವರಿಸುವುದೋ, ಟವರು ಬೇರೆಡೆಗೆ ಒಯ್ಯುವುದೋ ಎಂದು ಮೇಲಿನವರು ಕೇಳಿದರು. ಈ ಸಲ ಕಬ್ಬು ನಿಂತಾಗಲೇ ಅಳೆಸಿದೆ. ಅಷ್ಟರಲ್ಲಿ ತೋಟದ ಮನೆಗಳು ಹೆಚ್ಚಾಗಿದ್ದವು, ಸುತ್ತಮುತ್ತ ಹೊಸ ಟವರುಗಳು ಬಂದಿದ್ದವು. ಅವರದೇ ಪ್ರೋಗ್ರಾಂ ಓಡಿಸಿದೆ. ಇರುವೆಗಳು ಮಡ್ಡಿಯನ್ನು ಬಿಟ್ಟು ಕೆಳಗೆ ಕಾಲುವೆಯ ಪಕ್ಕಕ್ಕೆ ಇಳಿದಿದ್ದವು. ಮತ್ತೆ ಮತ್ತೆ ಓಡಿಸಿದೆ, ಅದೇ ಬಂತು. ಮಡ್ಡಿಯ ಟವರು ಅವರ ಜೀವ ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಅದಕ್ಕೆ ನಮಸ್ಕಾರ ಮಾಡುತ್ತಿದ್ದರಂತೆ. ಕೊನೆಗೆ ಹಾಳೆ ಹಿಡಿದುಕೊಂಡು ಅಂಕಲಗಿಗೆ ಹೋದೆ.

ಕನ್ನಡಕ ಹಾಕಿ ಹಾಳೆಯನ್ನು ಓದಿದರು. “ಎಷ್ಟ ಸಲ ಓಡಿಸಿದಿ?”

“ಒಂಬತ್ತ ಸಲರಿ.”

“ಒಂದಽ ಸಲ ಸಾಕಿತ್ತು. ಉಳದ ಎಂಟ ಸಲ ನನ್ನ ಮಾರಿ ನೆನಸ್ಕೊಂಡ ಓಡಿಸಿದಿ. ಇರವಿಗೆ ಮಾರಿ ಕಾಣಂಗಿಲ್ಲವಾ.” ಕನ್ನಡಕ ತೆಗೆದು ಒರೆಸಿಕೊಂಡರು. ಸ್ವಲ್ಪ ಹೊತ್ತು ಒರೆಸುತ್ತಲೇ ಇದ್ದರು. “ವಾಸನಿ ಆರೇತಿ, ತಗಿ ಅದನ್ನ. ಬಿಚ್ಚೂ ದಿನ ನನಗ ಹೇಳು, ಬರತೇನಿ.”

ಬಿಚ್ಚುವ ಕೆಲಸ ಬಂದಿದ್ದು ಕಾರ್ತಿಕ ಹುಣ್ಣಿಮೆ ಕಳೆದ ಮೇಲೆ. ಕಾಲುವೆಯ ಪಕ್ಕದ ಹೊಸ ಟವರು ಆಗಲೇ ನಿಂತಿತ್ತು, ಅವತ್ತು ಬೆಳಿಗ್ಗೆ ಸುರು ಮಾಡಿದ್ದೆವು. ಸಾಹೇಬರು ಬಸ್ಸಿನಲ್ಲಿ ಬಂದು ಮಡ್ಡಿ ಹತ್ತಿದರು. ತುದಿಯ ತುಂಡು ಕೆಳಗೆ ಇಳಿಯುವ ತನಕ ತಲೆ ಎತ್ತಿಕೊಂಡೇ ನಿಂತಿದ್ದರು. ಆಮೇಲೆ ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದು, ಬುಡದ ಸಿಮೆಂಟು ಕಟ್ಟೆಯಿಂದ ಸ್ವಲ್ಪ ದೂರದಲ್ಲಿ ಸಕ್ಕರೆ ಹಾಕಿದರು. “ಕಟ್ಟಿ ಒಡೆಯೂದರಾಗ ಇವು ಈ ಕಡೆ ಸರೀಲಿ” ಎಂದರು.

ಕೆಳಗೆ ಕಲ್ಲವ್ವ ಕಾಯುತ್ತಿದ್ದಳು. ಈಗ ಅವಳ ಚಂಚಿಯಲ್ಲಿ ಅವಳದೇ ಫೋನು. ಸಾಹೇಬರು ಚಪ್ಪಲಿ ಕಳಚಿ ಗಾಡಿಹಾದಿಯಲ್ಲಿಟ್ಟರು. ಚಾತುರ್ಮಾಸ ಮುಗಿದಿತ್ತು. ನೆಲ ನೋಡಿಕೊಂಡು, ಹೆಜ್ಜೆ ಎಣಿಸಿದ ಹಾಗೆ ಇಡುತ್ತ, ಅಂದು ಹೊರಗೆ ನಿಂತು ಅಳೆದ ಕಬ್ಬಿನೊಳಗೆ ಅವರು ಹೊಕ್ಕರು. ಬಿಳಿ ಅಂಗಿ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಕಾಣಲಿಲ್ಲ.

ನನ್ನ ಫೋನು ರಿಂಗಾಯಿತು.

“ತಂಗಿ, ಬರಕೋ. ಕಲ್ಲವ್ವ ರವದಿ ತಗಿಯೂ ತ್ವಾಟ, ನಡೂ ಸಾಲು. ಮಾತ ಸ್ಪಷ್ಟ ಐತಿ. ನನ್ನ ಮಡ್ಡಿ ಟವರಿಗಿಂತ ಚೊಲೋ ಐತಿ. ಬರದ್ಯಾ?”

“ಬರದೆನ್ರಿ ಸರ್.”

“ಕೆಳಗ ಸಹಿ ಹಾಕಿದ್ಯಾ?”

ಕಣ್ಣು ಮಂಜಾಗಿ ಹಾಳೆ ಕಾಣುತ್ತಿರಲಿಲ್ಲ. ಕಲ್ಲವ್ವ ತನ್ನ ಬೆನ್ನು ಬಗ್ಗಿಸಿ ಕೊಟ್ಟಳು. ಅದರ ಮೇಲೆ ವಹಿ ಇಟ್ಟು ಸಹಿ ಹಾಕಿದೆ. ಹೆಸರು ಬರೆಯಲಿಲ್ಲ.